ಹಿಪ್ ಆರ್ಥ್ರೋಸ್ಕೋಪಿ ಆಗಿ ಐದು ವಾರ ಆಯ್ತು, ನೋವು ಕಮ್ಮಿ ಆಗೋ ಬದ್ಲು ಜಾಸ್ತಿ ಆಗ್ತಿದೆ, ಏನ್ ಮಾಡ್ಲಿ?

ಪ್ರಶ್ನೆ: ನಂಗೆ 31 ವರ್ಷ, ಬೆಂಗಳೂರಲ್ಲಿ ಐಟಿ ಕೆಲಸ, ವಾರಕ್ಕೆ ಮೂರು ದಿನ ಶಟಲ್ ಆಡ್ತಿದ್ದೆ. ಬಲಗಡೆ ಹಿಪ್ಪಿಗೆ, ಅಂದ್ರೆ ತೊಡೆಮೂಳೆ ಸೇರೋ ಕೀಲಿಗೆ, ಆರ್ಥ್ರೋಸ್ಕೋಪಿ (ಸಣ್ಣ ತೂತಲ್ಲಿ ಕ್ಯಾಮೆರಾ ಹಾಕಿ ಮಾಡೋ ಆಪರೇಷನ್) ಆಗಿ ಐದು ವಾರ. ಲೇಬ್ರಮ್ (ಕೀಲಿನ ಅಂಚಿನ ಪಟ್ಟಿ) ಹೊಲಿದು, ಮೂಳೆ ಉಬ್ಬು ಕೆರೆದಿದಾರೆ. ಮೂರನೇ ವಾರಕ್ಕೆ ತುಂಬ ಹಾಯಾಗಿತ್ತು ಅಂತ ಕ್ರಚ್ ಬಿಟ್ಟೆ. ಯೂಟ್ಯೂಬ್ ನೋಡಿ ಮಲಗ್ಕೊಂಡು ಕಾಲು ನೇರ ಎತ್ತೋದು ದಿನಾ ಮೂವತ್ತು ಸಲ ಮಾಡ್ತಿದೀನಿ. ಈಗ ತೊಡೆಸಂದಿನ ಮುಂದೆ ಹಿಡ್ಕೊಂಡಂಗೆ ನೋವು, ಸಂಜೆ ಹೊತ್ತಿಗೆ ಕುಂಟ್ತೀನಿ. ಡೋಲೋ ಮೂರು ಹೊತ್ತು, ಜೊತೆಗೆ ಮೆಡಿಕಲ್ ಶಾಪಲ್ಲಿ ಕೊಟ್ಟ ನೋವಿನ ಮಾತ್ರೆ ಎರಡು ಹೊತ್ತು, ರಾತ್ರಿ ಆಸ್ಪತ್ರೇಲಿ ಕೊಟ್ಟಿದ್ದ ಟ್ರಮಡಾಲ್ ಮಾತ್ರೆ ಒಂದು. ತೊಡೆ ಹೊರಗಡೆ ಇನ್ನೂ ಜೋಮು ಹಿಡಿದಂಗಿದೆ. ಅಮ್ಮ ಎಣ್ಣೆ ಹಾಕಿ ತಿಕ್ತೀನಿ ಅಂತಿದಾರೆ. ಇನ್ನು ಹನ್ನೆರಡು ದಿನಕ್ಕೆ ಅಣ್ಣನ ಮನೆ ಗೃಹಪ್ರವೇಶ, ಕೆಳಗೆ ಕೂರಬಹುದಾ? ಆಪರೇಷನ್ ಫೇಲ್ ಆಯ್ತಾ ಅಂತ ಭಯ ಆಗ್ತಿದೆ.

ಉತ್ತರ: ನಿಮ್ಮ ಪತ್ರದಲ್ಲಿ ನಾನು ನಿಂತಿದ್ದು ಎರಡು ಜಾಗದಲ್ಲಿ, ಮೂರನೇ ವಾರಕ್ಕೆ ಕ್ರಚ್ ಬಿಟ್ಟೆ ಅನ್ನೋ ಕಡೆ, ಆಮೇಲೆ ಕಾಲು ನೇರ ಎತ್ತೋದು ಮೂವತ್ತು ಸಲ ಅನ್ನೋ ಕಡೆ. ನಿಮ್ಮನ್ನ ಮುಟ್ಟಿ ನೋಡ್ದೆ ಹೇಳ್ತಿದೀನಿ, ಹಾಗಾಗಿ ನಿಮ್ಮ ಸರ್ಜನ್ ಬೇರೆ ಹೇಳಿದ್ರೆ ಅವರ ಮಾತೇ ನಡೀಬೇಕು, ಆದ್ರೆ ಹಿಪ್ ಪೇಷಂಟ್‌ಗಳನ್ನ ನೋಡ್ಕೊಂಡು ಬಂದಿರೋ ಫಿಸಿಯೋ ಆಗಿ ನಂಗೆ ಅನ್ಸೋದು, ನಿಮ್ಮ ಆಪರೇಷನ್ ಫೇಲ್ ಆಗಿರೋ ಲಕ್ಷಣ ಇದಲ್ಲ, ತೊಡೆ ಎತ್ತೋ ಮುಂದಿನ ಸ್ನಾಯು ದಣಿದು ಉರಿಯೂತ ಆಗಿರೋ ಲಕ್ಷಣ. ಇದು ಹಿಪ್ ಆರ್ಥ್ರೋಸ್ಕೋಪಿ ಆದಮೇಲೆ ನಾಲ್ಕರಿಂದ ಎಂಟನೇ ವಾರದೊಳಗೆ ನಾವು ಪದೇ ಪದೇ ನೋಡೋ ತೊಂದ್ರೆ, ಸರಿ ಹೋಗತ್ತೆ.

ಆದ್ರೂ ಮೊದ್ಲು ಇದೊಂದು ಓದ್ಬಿಡಿ. ಜ್ವರ ಬರ್ತಿದ್ರೆ, ಗಾಯದಿಂದ ನೀರು ಕೀವು ಏನಾದ್ರೂ ಜಿನುಗ್ತಿದ್ರೆ, ಮೀನಖಂಡ ಊದಿ ಒತ್ತಿದ್ರೆ ನೋವಾಗ್ತಿದ್ರೆ, ಟಕ್ ಅಂತ ಶಬ್ದ ಬಂದು ಆವಾಗಿಂದ ಕಾಲು ಊರಕ್ಕೇ ಆಗ್ತಿಲ್ಲ ಅಂದ್ರೆ, ಪಾದ ಮೇಲಕ್ಕೆ ಎತ್ತಕ್ಕೆ ಆಗ್ದೆ ಇದ್ರೆ, ಮುಂದೆ ಓದ್ಬೇಡಿ, ಸರ್ಜನ್ನಿಗೆ ಫೋನ್ ಮಾಡಿ ಇವತ್ತೇ ಹೋಗಿ. ಉಸಿರು ಕಟ್ಟೋದು ಎದೆ ನೋವು ಬಂದ್ರಂತೂ ಯಾರನ್ನೂ ಕೇಳ್ದೆ ಸೀದಾ ಎಮರ್ಜೆನ್ಸಿಗೆ. ಮೂಳೆ ಉಬ್ಬು ಕೆರೆದ ಮೇಲೆ ತೊಡೆಮೂಳೆಯ ಕತ್ತು ಒಂದಷ್ಟು ತಿಂಗಳು ಮಾಮೂಲಿಗಿಂತ ನಾಜೂಕಾಗಿರತ್ತೆ, ಅಲ್ಲಿ ಮುರಿಯೋದು ಅಪರೂಪ ಆದ್ರೂ ಆಗಲ್ಲ ಅಂತಿಲ್ಲ, ಅದಕ್ಕೇ ಈಗ ಹಾರೋದು ಓಡೋದು ಎರಡೂ ಬೇಡ.

ಈಗ ಒಳಗೆ ಏನಾಗಿದೆ ಹೇಳ್ತೀನಿ. ನಮ್ಮಲ್ಲಿ ಸೊಂಟ ಅಂದ್ರೆ ಬೆನ್ನಿನ ಕೆಳಭಾಗ ಅಂತ್ಲೇ ಅರ್ಥ, ಹಿಪ್ ಕೀಲು ಅದಲ್ಲ, ಅದರ ನೋವು ತೊಡೆಸಂದಿನಲ್ಲಿ ಮುಂದುಗಡೆ ಬರತ್ತೆ, ಇದೊಂದು ಗೊಂದಲದಿಂದ್ಲೇ ಎಷ್ಟೋ ಜನ ವರ್ಷಗಟ್ಲೆ ಬೆನ್ನಿಗೆ ಟ್ರೀಟ್ಮೆಂಟ್ ತಗೊಂಡು ಬಂದಿರ್ತಾರೆ. ಕೀಲಿನ ಬಟ್ಟಲಿನ ಅಂಚಿಗೆ ಸುತ್ತ ಇರೋ ರಬ್ಬರಿನಂಥ ಪಟ್ಟಿನೇ ಲೇಬ್ರಮ್, ಕುಕ್ಕರಿನ ಗ್ಯಾಸ್ಕೆಟ್ ಥರ ಒಳಗಿನ ಜಾರು ದ್ರವನ ಹಿಡಿದಿಟ್ಕೊಳ್ಳತ್ತೆ. ತೊಡೆಮೂಳೆ ತಲೆ ಮೇಲೆ ಉಬ್ಬು ಇದ್ದಾಗ ಪ್ರತಿ ಸಲ ಕಾಲು ಮಡಿಸಿದಾಗ್ಲೂ ಈ ಗ್ಯಾಸ್ಕೆಟ್ ನಜ್ಜಾಗ್ತಾ ಹೋಗತ್ತೆ, ಈ ಲೆಕ್ಕಾಚಾರನ ಸ್ಪಷ್ಟವಾಗಿ ಜಗತ್ತಿನ ಮುಂದೆ ಇಟ್ಟಿದ್ದು ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ರೈನ್‌ಹೋಲ್ಡ್ ಗಾಂಝ್ ಅವರ ತಂಡ, 2003ರಲ್ಲಿ. ನಿಮಗೆ ಹೊಲಿಗೆ ಹಾಕಿರೋದು ಆ ಪಟ್ಟಿಗೆ. ಚರ್ಮದ ಮೇಲೆ ಎರಡು ಮೂರು ಸಣ್ಣ ತೂತು ಕಾಣ್ತಿದೆ ಅಷ್ಟೇ, ಆದ್ರೆ ಒಳಗೆ ಹೋಗಕ್ಕೆ ಕೀಲಿನ ಸುತ್ತ ಇರೋ ಚೀಲನ (ಕ್ಯಾಪ್ಸೂಲ್) ಕುಯ್ದಿರ್ತಾರೆ, ಮೂಳೆ ಕೆರೆದಿರ್ತಾರೆ, ಕಾಲನ್ನ ಎಳೆದು ಕೀಲು ಅಗಲ ಮಾಡಿರ್ತಾರೆ. ಹೊರಗಿನ ಗಾಯ ಎರಡು ವಾರಕ್ಕೆ ಒಣಗಿತು ಅಂತ ಒಳಗಿಂದೂ ಒಣಗಿದೆ ಅನ್ಕೊಳ್ಳೋದೇ ಮೂರನೇ ವಾರದ ಮೋಸ. ನೋವು ಇಳಿದಿರತ್ತೆ, ಹೊಲಿಗೆ ಇನ್ನೂ ಕೂಡಿರಲ್ಲ, ಅದು ಗಟ್ಟಿ ಆಗಕ್ಕೆ ಆರರಿಂದ ಹನ್ನೆರಡು ವಾರ ಬೇಕು.

ಇನ್ನು ಆ ಕಾಲೆತ್ತೋ ವ್ಯಾಯಾಮ. ಅದು ಮಂಡಿ ಆಪರೇಷನ್ ಆದವರಿಗೆ ಕೊಡೋದು, ಅವರಿಗೆ ಒಳ್ಳೇದೇ. ಹಿಪ್ಪಿಗೆ ಮಾತ್ರ ಅದು ತದ್ವಿರುದ್ಧ, ಯಾಕಂದ್ರೆ ಇಡೀ ಕಾಲಿನ ತೂಕ ಉದ್ದ ಚಾಚಿದ ಕೋಲಿನ ತುದೀಲಿ ಕಟ್ಟಿದ ಕಲ್ಲಿನ ಥರ ತೊಡೆಸಂದಿನ ಮುಂದಿನ ಸ್ನಾಯು ಮೇಲೆ ಬೀಳತ್ತೆ, ಆ ಸ್ನಾಯುನ ಮೂಳೆಗೆ ಕಟ್ಟೋ ಹಗ್ಗದಂಥ ಭಾಗ (ಟೆಂಡನ್) ಹಾದು ಹೋಗೋದು ನಿಮ್ಮ ಹೊಲಿಗೆಯ ಎದುರಿಗೇ. ನಾನೂ ಕೆಲಸ ಶುರು ಮಾಡಿದ ಹೊಸದ್ರಲ್ಲಿ ಒಬ್ಬ ಕಬಡ್ಡಿ ಹುಡುಗನಿಗೆ ಇದನ್ನೇ ಮಾಡಿಸಿ ಅವನ ನೋವು ಎರಡು ತಿಂಗಳು ಎಳೆಯೋ ಹಾಗೆ ಮಾಡಿದೀನಿ, ಅದು ನನ್ನ ತಪ್ಪು, ಇವತ್ತಿಗೂ ಬೇಜಾರಿದೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಇವತ್ತಿಂದ ನಿಲ್ಲಿಸಿ. ಕಾಲನ್ನ ಮಂಚದ ಮೇಲೆ ಎತ್ತಿಡುವಾಗ್ಲೂ ಇನ್ನೊಂದು ಕಾಲಿಂದನೋ ಕೈಯಿಂದನೋ ಟವೆಲ್ ಕಟ್ಟಿನೋ ಎತ್ತಿ, ಆ ಕಾಲು ತಾನಾಗೇ ಮೇಲೇಳೋದು ಬೇಡ, ಇನ್ನೊಂದು ಎರಡು ಮೂರು ವಾರ.

ಕ್ರಚ್ ವಿಷ್ಯ ಇನ್ನೂ ಮುಖ್ಯ. ಒಂದು ಕಾಲ ಮೇಲೆ ನಿಂತಾಗ ಹಿಪ್ ಕೀಲಿನ ಮೇಲೆ ಬೀಳೋ ಭಾರ ಮೈತೂಕದಷ್ಟೇ ಅಲ್ಲ, ನಡೆಯುವಾಗ ಅದು ಸುಮಾರು ಎರಡೂವರೆ ಪಟ್ಟು ಆಗತ್ತೆ, ಯಾಕಂದ್ರೆ ಇನ್ನೊಂದು ಕಡೆ ಬೀಳದ ಹಾಗೆ ಪಕ್ಕದ ಸ್ನಾಯು ಜೋರಾಗಿ ಎಳೀಬೇಕು. ಆಪರೇಷನ್ ಆದಮೇಲೆ ಆ ಪಕ್ಕದ ಹಿಂದಿನ ಸ್ನಾಯುಗಳು, ಜಿಮ್ಮಲ್ಲಿ ಗ್ಲೂಟ್ ಅಂತಾರಲ್ಲ ಅವು, ನಿದ್ದೆ ಹೋದಂಗೆ ಆಗಿರ್ತವೆ. ಅವು ಮಾಡ್ಬೇಕಾದ ಕೆಲಸನ ಮುಂದಿನ ಸ್ನಾಯು ಮೈಮೇಲೆ ಎಳ್ಕೊಳ್ಳತ್ತೆ, ಸಂಜೆ ಹೊತ್ತಿಗೆ ಸೋಲತ್ತೆ, ನೀವು ಕುಂಟ್ತೀರ. ನಿಮ್ಮ ಪತ್ರದಲ್ಲಿ ಸಂಜೆ ಕುಂಟೋದು ಅಂತ ಬರೆದಿದೀರಲ್ಲ, ಇಡೀ ಕಥೆ ಅದರಲ್ಲೇ ಇದೆ. ಕುಂಟುತ್ತಾ ನಡೆದ್ರೆ ಎಷ್ಟು ನಡೆದ್ರೂ ಉಪಯೋಗ ಇಲ್ಲ, ಕುಂಟೋದನ್ನೇ ಪ್ರಾಕ್ಟೀಸ್ ಮಾಡಿದಂಗೆ.

ಹಾಗಾಗಿ ಮತ್ತೆ ಕ್ರಚ್ ಹಿಡೀರಿ, ನಾಚಿಕೆ ಪಡೋ ವಿಷ್ಯ ಅಲ್ಲ. ಒಂದು ವಾರ ಎರಡೂ ಕ್ರಚ್, ಆಮೇಲೆ ಒಂದು. ಒಂದೇ ಹಿಡಿಯುವಾಗ ಹತ್ರ ಹತ್ರ ಎಲ್ರೂ ಆಪರೇಷನ್ ಆದ ಕಡೆನೇ ಹಿಡೀತಾರೆ, ತಪ್ಪು ಅದು, ನಿಮಗೆ ಬಲಗಾಲು ಆಗಿದೆ ಅಂದ್ರೆ ಕ್ರಚ್ ಎಡಗೈಲಿ ಇರ್ಬೇಕು, ಬಲಗಾಲು ಮತ್ತೆ ಎಡಗೈ ಒಟ್ಟಿಗೆ ಮುಂದೆ ಹೋಗ್ಬೇಕು, ಆಗ್ಲೇ ಪಕ್ಕದ ಸ್ನಾಯುವಿನ ಭಾರ ಇಳಿಯೋದು. ಕಾಲನ್ನ ಗಾಳೀಲಿ ನೇತಾಡ್ಸ್ಕೊಂಡು ನಡೀಬೇಡಿ, ಪಾದ ಪೂರ್ತಿ ನೆಲಕ್ಕೆ ಊರಿ ಹಿಮ್ಮಡಿಯಿಂದ ಬೆರಳಿಗೆ ಉರುಳಿಸಿ. ಕಾಲು ಎತ್ತಿ ಹಿಡ್ಕೊಂಡ್ರೆ ಆರಾಮ ಅನ್ನೋದು ಭ್ರಮೆ, ಎತ್ತಿ ಹಿಡಿಯೋಕೆ ಅದೇ ಮುಂದಿನ ಸ್ನಾಯು ದುಡೀಬೇಕು. ಹೊಸದಾಗಿ ಆಪರೇಷನ್ ಆದವರು ಯಾರಾದ್ರೂ ಇದನ್ನ ಓದ್ತಿದ್ರೆ ಅವರಿಗೊಂದು ಮಾತು, ಸಾಮಾನ್ಯವಾಗಿ ಮೊದಲ ಎರಡು ಮೂರು ವಾರ ಸುಮಾರು 10 ಕೆಜಿ ಭಾರ ಮಾತ್ರ ಹಾಕಿ ಅಂತಾರೆ, ಅದು ಎಷ್ಟು ಅಂತ ಗೊತ್ತಾಗ್ಬೇಕಂದ್ರೆ ಮನೇಲಿರೋ ತೂಕದ ಮೆಷಿನ್ ಮೇಲೆ ಆ ಕಾಲಿಟ್ಟು ಒತ್ತಿ ನೋಡಿ, ಮುಳ್ಳು ಹತ್ತಕ್ಕೆ ಬಂದಾಗ ಎಷ್ಟು ಒತ್ತಡ ಅನ್ಸತ್ತೋ ಅಷ್ಟೇ. ಮೃದ್ವಸ್ಥಿ ಸವೆದ ಜಾಗದಲ್ಲಿ ಮೈಕ್ರೋಫ್ರಾಕ್ಚರ್ (ಮೂಳೆಗೆ ಸಣ್ಣ ಸಣ್ಣ ತೂತು ಹಾಕೋದು) ಮಾಡಿದ್ರೆ ಈ ಮಿತಿ ಆರರಿಂದ ಎಂಟು ವಾರಕ್ಕೆ ಹೋಗತ್ತೆ. ನಿಮಗೆ ಮಾಡಿದಾರಾ? ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ, ಅದ್ರಲ್ಲಿ ಇಲ್ಲಾಂದ್ರೆ ಆಪರೇಷನ್ ನೋಟ್ ಕೇಳಿ ಇಸ್ಕೊಳ್ಳಿ, ಮೈಕ್ರೋಫ್ರಾಕ್ಚರ್, ಕ್ಯಾಪ್ಸೂಲ್ ಕ್ಲೋಶರ್ (ಕುಯ್ದ ಚೀಲನ ಮತ್ತೆ ಹೊಲಿಯೋದು) ಅನ್ನೋ ಎರಡು ಪದ ಹುಡುಕಿ, ಫೋಟೋ ತೆಗೆದು ಮೊಬೈಲಲ್ಲಿ ಇಟ್ಕೊಂಡು ಯಾವ ಫಿಸಿಯೋ ಹತ್ರ ಹೋದ್ರೂ ಮೊದ್ಲು ಅದನ್ನ ತೋರಿಸಿ. ಮೈಕ್ರೋಫ್ರಾಕ್ಚರ್ ಇದ್ರೆ ನಾನು ಮೇಲೆ ಹೇಳಿದ ಒಂದು ಕ್ರಚ್ ಲೆಕ್ಕ ನಿಮಗಲ್ಲ, ಸರ್ಜನ್ನನ್ನ ಕೇಳೋವರೆಗೆ ಎರಡೂ ಹಿಡ್ಕೊಂಡಿರಿ.

ಕ್ರಚ್ ಪೂರ್ತಿ ಬಿಡೋದು ಯಾವಾಗ ಅಂದ್ರೆ ಕ್ಯಾಲೆಂಡರ್ ನೋಡ್ಬೇಡಿ, ನಡಿಗೆ ನೋಡಿ. ಅಮ್ಮನ ಕೈಲಿ ಹಿಂದಿಂದ ಒಂದು ವಿಡಿಯೋ ತೆಗೆಸಿ. ಬಲಗಾಲ ಮೇಲೆ ಭಾರ ಬಿದ್ದಾಗ ಎಡಗಡೆ ಸೊಂಟ ಕೆಳಗೆ ಇಳೀತಿದ್ರೆ, ಇಲ್ಲಾ ಮೈ ಬಲಗಡೆಗೆ ವಾಲ್ತಿದ್ರೆ ಇನ್ನೂ ಟೈಮ್ ಆಗಿಲ್ಲ. ಗೋಡೆ ಪಕ್ಕ ನಿಂತು ಬಲಗಾಲ ಮೇಲೆ ಹತ್ತು ಸೆಕೆಂಡ್ ಸೊಂಟ ಇಳೀದೆ ನಿಲ್ಲಕ್ಕಾದ್ರೆ ಮನೆಯೊಳಗೆ ಕ್ರಚ್ ಇಲ್ದೆ ಶುರು ಮಾಡಿ, ಹೊರಗೆ ಹೋಗುವಾಗ, ಬಿಎಂಟಿಸಿ ಹತ್ತುವಾಗ, ಸಂಜೆ ದಣಿದಾಗ ಜೊತೆಗಿರ್ಲಿ.

ನೋವಿನ ಮಾತ್ರೆಗೆ ಬರ್ತೀನಿ, ಇಲ್ಲಿ ನಂಗೆ ನಿಜವಾಗ್ಲೂ ಆತಂಕ ಆಯ್ತು. ನೀವು ಮೂರು ಬೇರೆ ಬೇರೆ ಮಾತ್ರೆ ಅನ್ಕೊಂಡಿದೀರ, ಆದ್ರೆ ಮೂರರಲ್ಲೂ ಪ್ಯಾರಾಸಿಟಮಾಲ್ ಇರೋ ಸಾಧ್ಯತೆ ಜಾಸ್ತಿ. ಡೋಲೋ ಅಂದ್ರೇನೇ ಪ್ಯಾರಾಸಿಟಮಾಲ್, 650 ಮಿಲಿಗ್ರಾಂ. ಮೆಡಿಕಲ್ ಶಾಪಲ್ಲಿ ಕೊಡೋ ನೋವಿನ ಮಾತ್ರೆ ಬಹಳ ಸಲ ಅಸಿಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಸೇರಿಸಿದ್ದು, ಸಾಮಾನ್ಯವಾಗಿ 325. ಟ್ರಮಡಾಲ್ ಮಾತ್ರೆಲೂ ಸಾಮಾನ್ಯವಾಗಿ 325 ಸೇರಿರತ್ತೆ. ಕೂಡಿ ನೋಡಿ, ದಿನಕ್ಕೆ 3 ಗ್ರಾಂ ಆಸುಪಾಸು ಆಯ್ತು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಗರಿಷ್ಠ 4 ಗ್ರಾಂ, ಆದ್ರೆ ವಾರಗಟ್ಲೆ ತಗೊಳ್ಳೋದಾದ್ರೆ 3 ದಾಟ್ಬೇಡಿ ಅಂತಾರೆ ಬಹಳಷ್ಟು ಡಾಕ್ಟರ್‌ಗಳು, ತೂಕ ಕಮ್ಮಿ ಇದ್ರೆ, ಲಿವರ್ ತೊಂದ್ರೆ ಇದ್ರೆ, ಕುಡಿಯೋ ಅಭ್ಯಾಸ ಇದ್ರೆ ಅದಕ್ಕಿಂತ್ಲೂ ಕಮ್ಮಿ. ನೋವು ಜಾಸ್ತಿ ಆದ ದಿನ ಇನ್ನೆರಡು ಡೋಲೋ ನುಂಗಿದ್ರೆ ನಿಮಗೆ ಗೊತ್ತಿಲ್ದೆ ಗೆರೆ ದಾಟ್ತೀರ. ಸ್ಟ್ರಿಪ್ ಹಿಂದೆ ಬರೆದಿರೋದನ್ನ ಓದಿ, ಮೂರೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ.

ಅಸಿಕ್ಲೋಫೆನಾಕ್ ಜಾತಿಯ ಮಾತ್ರೆಗಳಿಗೆ ಹಿಪ್ ಆರ್ಥ್ರೋಸ್ಕೋಪಿಲಿ ಒಂದು ವಿಶೇಷ ಕೆಲಸ ಇದೆ, ಮೂಳೆ ಕೆರೆದ ಜಾಗದ ಸುತ್ತ ಮಾಂಸದೊಳಗೆ ಬೇಡದ ಮೂಳೆ ಬೆಳೆಯೋದನ್ನ ತಡೆಯೋಕೆ ಅಂತ ಮೊದಲ ಕೆಲ ವಾರ ಅದೇ ಜಾತಿಯ ನ್ಯಾಪ್ರೋಕ್ಸೆನ್, ಇಂಡೋಮೆಥಸಿನ್ ಥರದ್ದು ಕೊಡ್ತಾರೆ, ಹಾಗೆ ಕೊಟ್ಟಿದ್ದನ್ನ ನೋವಿಲ್ಲ ಅಂತ ಮಧ್ಯದಲ್ಲಿ ಬಿಡಬಾರದು. ಆದ್ರೆ ಐದನೇ ವಾರದಲ್ಲಿ, ಅಂಗಡಿಯವರು ಕೊಟ್ಟಿದ್ದು, ಹೊಟ್ಟೆಗೆ ರಕ್ಷಣೆ ಇಲ್ದೆ ದಿನಾ ಎರಡು ಅಂದ್ರೆ ಹೊಟ್ಟೆ ಹುಣ್ಣು, ಕಿಡ್ನಿ, ಬಿಪಿ ಮೂರಕ್ಕೂ ಒಳ್ಳೇದಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್ ಏನಾದ್ರೂ ಕೊಟ್ಟಿದ್ರೆ ಇನ್ನೂ ಹುಷಾರು. ಮಳೆಗಾಲದಲ್ಲಿ ಇನ್ನೊಂದು ನೆನಪಿಡಿ, ಜ್ವರ ಬಂದು ಡೆಂಗಿ ಇರಬಹುದು ಅನ್ನೋ ಅನುಮಾನ ಇದ್ರೆ ಈ ಜಾತಿ ಮಾತ್ರೆ ಮುಟ್ಟಲೇಬಾರದು, ರಕ್ತಸ್ರಾವ ಜಾಸ್ತಿ ಆಗತ್ತೆ. ಟ್ರಮಡಾಲ್ ನಾನಾದ್ರೆ ಮೊದ್ಲು ಬಿಡಿಸೋದು, ಐದು ವಾರಕ್ಕೆ ಅದರ ಅಗತ್ಯ ಇರಬಾರದು, ಮಲಬದ್ಧತೆ ಮಾಡತ್ತೆ, ಅಭ್ಯಾಸ ಅಂಟತ್ತೆ, ಖಿನ್ನತೆಗೆ ಏನಾದ್ರೂ ಮಾತ್ರೆ ತಗೋತಿದ್ರೆ ಅದರ ಜೊತೆ ಅಪಾಯನೂ ಇದೆ. ಆದ್ರೆ ದಿನಾ ತಗೊಂಡಿರೋದ್ರಿಂದ ಏಕ್‌ದಂ ನಿಲ್ಲಿಸ್ಬೇಡಿ, ಇಳಿಸೋದು ಹೇಗೆ ಅಂತ ಡಾಕ್ಟರನ್ನ ಕೇಳಿ.

ಮಾತ್ರೆ ತಗೊಳ್ಳೋ ಉದ್ದೇಶ ನಿದ್ದೆ ಬರ್ಲಿ, ಮೆತ್ತಗೆ ವ್ಯಾಯಾಮ ಮಾಡೋ ಹಾಗಾಗ್ಲಿ ಅಂತ, ಜಾಸ್ತಿ ಓಡಾಡೋಕೆ ಅಲ್ಲ. ನೋವನ್ನ ನಾನು ಪೇಷಂಟ್‌ಗಳಿಗೆ ಅಳೆಯಕ್ಕೆ ಹೇಳೋದು ಮರುದಿನ ಬೆಳಿಗ್ಗೆ. ವ್ಯಾಯಾಮ ಮಾಡುವಾಗ ಹತ್ತಕ್ಕೆ ಮೂರರಷ್ಟು ನೋವು ಬಂದು, ರಾತ್ರಿ ಇದ್ದು, ಬೆಳಿಗ್ಗೆ ಎದ್ದಾಗ ಮೊದಲಿನ ಹಂಗೇ ಇದ್ರೆ ಸರಿ, ಮುಂದುವರಿಸಿ. ಬೆಳಿಗ್ಗೆನೂ ಏರಿದ್ರೆ ನಿನ್ನೆ ಮಾಡಿದ್ದು ಜಾಸ್ತಿ ಆಯ್ತು, ಅರ್ಧಕ್ಕೆ ಇಳಿಸಿ. ಹಿಂಬದಿ ಸ್ನಾಯು ದಣಿದು ನೋಯೋದು ಒಳ್ಳೆ ನೋವು, ತೊಡೆಸಂದಿನ ಮುಂದೆ ಚುಚ್ಚೋದು, ಹಿಡ್ಕೊಳ್ಳೋದು, ಸಿಕ್ಕಿ ಹಾಕ್ಕೊಂಡಂಗೆ ಆಗೋದು ಕೆಟ್ಟ ನೋವು. ಐಸ್ ಈಗ್ಲೂ ಕೆಲಸ ಮಾಡತ್ತೆ, ಬಟ್ಟೆ ಸುತ್ತಿ ಹದಿನೈದು ಇಪ್ಪತ್ತು ನಿಮಿಷ, ವ್ಯಾಯಾಮ ಆದ ಮೇಲೆ. ಆದ್ರೆ ನಿಮ್ಮ ತೊಡೆ ಹೊರಗಡೆ ಜೋಮಿದೆ ಅಲ್ವಾ, ಅಲ್ಲಿ ಐಸೂ ಬಿಸಿನೀರಿನ ಬ್ಯಾಗೂ ಇಡ್ಬೇಡಿ, ಚರ್ಮ ಸುಟ್ರೂ ಗೊತ್ತಾಗಲ್ಲ.

ಆ ಜೋಮು ಯಾಕೆ ಅಂದ್ರೆ ಮುಂದಿನ ತೂತು ಹಾಕೋ ಜಾಗದ ಹತ್ರನೇ ತೊಡೆ ಹೊರಭಾಗದ ಚರ್ಮಕ್ಕೆ ಹೋಗೋ ನರ ಇದೆ, ಅದಕ್ಕೆ ಸ್ವಲ್ಪ ತಾಗಿರತ್ತೆ. ಅದು ಬರೀ ಸ್ಪರ್ಶದ ನರ, ಬಲಕ್ಕೂ ಅದಕ್ಕೂ ಸಂಬಂಧ ಇಲ್ಲ, ಬಹಳಷ್ಟು ಜನಕ್ಕೆ ತಿಂಗಳುಗಳಲ್ಲಿ ಕಮ್ಮಿ ಆಗತ್ತೆ, ಕೆಲವರಿಗೆ ಒಂದು ಚೂರು ಉಳ್ಕೊಳ್ಳತ್ತೆ. ನೀವು ಬರೆದಿಲ್ಲ, ಆದ್ರೂ ಹೇಳ್ಬೇಕು, ಕಾಲು ಎಳೆಯೋವಾಗ ತೊಡೆಗಳ ಮಧ್ಯ ಒಂದು ಕಂಬ ಇಟ್ಟಿರ್ತಾರೆ, ಅದರ ಒತ್ತಡಕ್ಕೆ ಕೆಲವರಿಗೆ ಜನನಾಂಗದ ಜಾಗದಲ್ಲಿ ಜೋಮು ಬರತ್ತೆ, ಗಂಡಸ್ರಿಗೂ ಹೆಂಗಸ್ರಿಗೂ. ಸಾಮಾನ್ಯವಾಗಿ ಕೆಲ ವಾರದಲ್ಲಿ ಹೋಗ್ಬಿಡತ್ತೆ, ಆದ್ರೆ ಜನ ಸಂಕೋಚಕ್ಕೆ ಯಾರಿಗೂ ಹೇಳ್ದೆ ಒಳಗೊಳಗೇ ಹೆದರ್ತಾ ಕೂತಿರ್ತಾರೆ. ಇದ್ರೆ ಸರ್ಜನ್ನಿಗೆ ಹೇಳಿ, ಅವರಿಗೆ ಇದು ಹೊಸದಲ್ಲ.

ಅಮ್ಮನ ಎಣ್ಣೆ. ಅಮ್ಮನ ಮೇಲೆ ರೇಗ್ಬೇಡಿ, ಕಾಲು ನೋಯ್ತಿದೆ ಅಂದ್ರೆ ಕೈ ಸುಮ್ನಿರಲ್ಲ ಅವರಿಗೆ. ತೊಡೆಸಂದಿನ ಮೇಲೆ, ಗಾಯದ ಹತ್ರ ಒತ್ತಿ ತಿಕ್ಕೋದು ಬೇಡ, ಮೀನಖಂಡ ಊದಿದ್ರಂತೂ ಕೈ ಹಾಕ್ಲೇಬಾರದು, ಒಳಗೆ ಹೆಪ್ಪುಗಟ್ಟಿದ ರಕ್ತ ಇದ್ರೆ ಅದು ಜರುಗಿ ಶ್ವಾಸಕೋಶಕ್ಕೆ ಹೋಗಬಹುದು. ಬೆನ್ನಿಗೆ, ಇನ್ನೊಂದು ಕಾಲಿಗೆ ಹಚ್ಚಲಿ. ಅದಕ್ಕಿಂತ ಒಳ್ಳೆ ಕೆಲಸ ಒಂದು ಅವರಿಗೆ ಕೊಡಿ: ನೀವು ಅಂಗಾತ ಮಲಗಿ ಬಲಗಾಲನ್ನ ಪೂರ್ತಿ ಸಡಿಲ ಬಿಡಿ, ಅಮ್ಮ ಒಂದು ಕೈ ಮಂಡಿ ಕೆಳಗೆ ಒಂದು ಕೈ ಹಿಮ್ಮಡಿಗೆ ಕೊಟ್ಟು, ಮಂಡಿ ಮಡಿಸಿ, ತೊಡೇನ 90 ಡಿಗ್ರಿ ದಾಟಿಸ್ದೆ ಹಿಟ್ಟು ಕಲಸಿದಷ್ಟು ನಿಧಾನಕ್ಕೆ ಸಣ್ಣ ವೃತ್ತ ತಿರುಗಿಸ್ಲಿ, ಎರಡೂ ದಿಕ್ಕಿಗೆ, ಐದೈದು ನಿಮಿಷ, ದಿನಕ್ಕೆ ಎರಡು ಸಲ. ಒಳಗೆ ಗಾಯದ ಅಂಗಾಂಶ ಚೀಲಕ್ಕೆ ಅಂಟ್ಕೊಳ್ದೆ ಇರಕ್ಕೆ ಇದು ತುಂಬ ಉಪಯೋಗ, ಒಂದು ಸಲ ನಿಮ್ಮ ಫಿಸಿಯೋ ಹತ್ರ ಅಮ್ಮನಿಗೆ ಕೈಹಿಡಿದು ಕಲಿಸಿಕೊಳ್ಳಿ.

ನೀವು ಮಾಡ್ಬೇಕಾದ್ದು ಈಗ ಜಾಸ್ತಿ ಏನಿಲ್ಲ. ಬೋರಲಾಗಿ ಮಲಗೋದು ಹದಿನೈದು ನಿಮಿಷ ಎರಡು ಸಲ, ಕೂತೂ ಕೂತೂ ಗಿಡ್ಡ ಆಗಿರೋ ಮುಂದಿನ ಸ್ನಾಯು ತಾನಾಗೇ ಸಡಿಲ ಆಗತ್ತೆ. ಹಾಗೇ ಬೋರಲಾಗಿದ್ದಾಗ ಹಿಂಬದಿ ಸ್ನಾಯುನ ಬಿಗಿ ಹಿಡಿದು ಐದು ಸೆಕೆಂಡ್ ಬಿಡೋದು. ಅಂಬೆಗಾಲಿಟ್ಟ ಭಂಗಿಲಿ ನಿಧಾನಕ್ಕೆ ಹಿಂದೆ ಮುಂದೆ ತೂಗೋದು, ಚುಚ್ಚೋಕೆ ಮುಂಚೆನೇ ನಿಲ್ಲಿಸಿ. ಎರಡೂ ಕಾಲು ಮಡಿಸಿ ಸೊಂಟ ಎತ್ತೋ ಸೇತುವೆ ವ್ಯಾಯಾಮ, ಮುಂದೆ ನೋಯದಿದ್ರೆ. ಜಿಮ್ಮಲ್ಲಿರೋ ನಿಂತಲ್ಲೇ ತುಳಿಯೋ ಸೈಕಲ್ ಸಿಕ್ಕಿದ್ರೆ ಸೀಟು ಎತ್ತರ ಮಾಡಿ ಟೈಟ್ ಇಲ್ದೆ ಹದಿನೈದು ನಿಮಿಷ. ರಾತ್ರಿ ಎಡಮಗ್ಗುಲಲ್ಲಿ ಮಂಡಿಗಳ ಮಧ್ಯ ದಪ್ಪ ದಿಂಬು ಇಟ್ಕೊಂಡು ಮಲಗಿ. ಆಫೀಸ್ ಕೆಲಸ ಮಾಡುವಾಗ ಕುರ್ಚಿ ಮೇಲೆ ದಿಂಬು ಹಾಕಿ ಮಂಡಿಗಿಂತ ಸೊಂಟ ಎತ್ತರ ಇರ್ಲಿ, ಅರ್ಧ ಗಂಟೆಗೊಂದ್ಸಲ ಎದ್ದೇಳಿ, ಇದನ್ನ ಜನ ಲೈಟಾಗಿ ತಗೋತಾರೆ ಆದ್ರೆ ದಿನಕ್ಕೆ ಎಂಟು ಗಂಟೆ ತಗ್ಗು ಕುರ್ಚೀಲಿ ಮಡಿಸ್ಕೊಂಡು ಕೂತ್ರೆ ಯಾವ ವ್ಯಾಯಾಮನೂ ಅದನ್ನ ಸರಿದೂಗಿಸಲ್ಲ. ಸ್ಕೂಟರ್ ಈಗ ಬೇಡ, ಒಂದು ಪಕ್ಕಕ್ಕೆ ಕೂತು ಹಿಂದಿನ ಸೀಟಲ್ಲಿ ಹೋಗೋದಂತೂ ಬೇಡ, ಆಟೋಗಿಂತ ಕಾರ್ ವಾಸಿ, ಮೊದ್ಲು ಸೀಟ್ ಮೇಲೆ ಕೂತು ಆಮೇಲೆ ಎರಡೂ ಕಾಲು ಜೊತೆಗೆ ಒಳಗೆ ತಿರುಗಿಸಿ.

ಶಟಲ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಮನಸಲ್ಲಿ ಇದ್ದೇ ಇರತ್ತೆ. ಎಲ್ಲಾ ಸರಿ ಹೋದ್ರೆ ಮೂರು ನಾಲ್ಕು ತಿಂಗಳಿಗೆ ಜಾಗಿಂಗ್, ಐದಾರು ತಿಂಗಳಿಗೆ ಕೋರ್ಟ್, ಅದೂ ಬಲಗಾಲಿನ ಬಲ ಎಡಗಾಲಿನ ಹತ್ರಕ್ಕೆ ಬಂದ ಮೇಲೆ. ಬ್ರಿಟನ್ನಿನಲ್ಲಿ 348 ಜನರ ಮೇಲೆ ನಡೆದ ಫ್ಯಾಶನ್ ಅನ್ನೋ ಟ್ರಯಲ್ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂತು, ಅದರಲ್ಲಿ ಆಪರೇಷನ್ ಆದವರೂ ಬರೀ ಫಿಸಿಯೋ ಮಾಡಿದವರೂ ಇಬ್ರೂ ಸುಧಾರಿಸಿದ್ರು, ಆಪರೇಷನ್ ಗುಂಪು, ಹಿಪ್ಪಿಂದ ಬದುಕು ಎಷ್ಟು ಸಲೀಸಾಗಿದೆ ಅನ್ನೋ ನೂರರ ಅಳತೇಲಿ, ಸುಮಾರು 7 ಅಂಕ ಮುಂದಿತ್ತು, ಆದ್ರೆ ಅದನ್ನ ಅಳೆದಿದ್ದು ಒಂದು ವರ್ಷಕ್ಕೆ. ಈ ಆಪರೇಷನ್ನಿನ ಫಲ ವರ್ಷದ ಕೊನೇಲಿ ಕಾಣೋದು, ನೀವು ಐದನೇ ವಾರದಲ್ಲಿ ನಿಂತು ಫೇಲಾ ಪಾಸಾ ಅಂತ ಕೇಳ್ತಿದೀರ.

ಕೊನೆಗೆ ಗೃಹಪ್ರವೇಶ. ಹೋಗಿ, ಖಂಡಿತ ಹೋಗಿ. ಚಕ್ಕಳಮಕ್ಕಳ ಹಾಕಿ ಮಣೆ ಮೇಲೆ ಕೂರೋದು ಬೇಡ, ಅದರಲ್ಲಿ ತೊಡೆ ಮಡಿಸೋದು, ಅಗಲಿಸೋದು, ಹೊರಕ್ಕೆ ತಿರುಗಿಸೋದು ಮೂರೂ ಒಟ್ಟಿಗೆ ಆಗತ್ತೆ, ಒಳಗೆ ಕುಯ್ದಿರೋ ಚೀಲನ ಎಳೆಯೋದು ಅದೇ ದಿಕ್ಕಿಗೆ. ಮೂರು ತಿಂಗಳಾದ್ಮೇಲೆ ದಿಂಬಿನ ಮೇಲೆ ಐದು ನಿಮಿಷದಿಂದ ಶುರು ಮಾಡೋಣ, ಕುಕ್ಕರುಗಾಲು, ಇಂಡಿಯನ್ ಟಾಯ್ಲೆಟ್ ಇನ್ನೂ ತಡ, ಹೊಸ ಮನೇಲಿ ಕಮೋಡ್ ಇದ್ಯಾ ಅಂತ ಅಣ್ಣನ್ನ ಈಗ್ಲೇ ಕೇಳಿಟ್ಕೊಳ್ಳಿ. ಪುರೋಹಿತರಿಗೆ ಮೊದ್ಲೇ ಹೇಳಿ ಒಂದು ಎತ್ತರದ ಕುರ್ಚಿ ಹಾಕಿಸಿ, ಊಟಕ್ಕೂ ಟೇಬಲ್ ಪಂಕ್ತಿ. ಇನ್ನೊಂದು, ಬಲಗಾಲಿಟ್ಟು ಒಳಗೆ ಬಾ ಅಂತ ಎಲ್ರೂ ಹೇಳ್ತಾರೆ, ಆದ್ರೆ ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು, ಇದು ನಮ್ಮ ನಿಯಮ. ಹಾಗಾಗಿ ಹೊರಗಿನ ಮೆಟ್ಟಿಲನ್ನ ಎಡಗಾಲಲ್ಲಿ ಹತ್ತಿ, ಬಲಗಾಲು ಪಕ್ಕಕ್ಕೆ ತಂದು, ಬಾಗಿಲ ಮುಂದೆ ಎರಡೂ ಕಾಲಲ್ಲಿ ನೆಟ್ಟಗೆ ನಿಂತು, ಎಡಗೈಲಿ ಕ್ರಚ್ ಊರ್ಕೊಂಡು, ಆಮೇಲೆ ಹೊಸ್ತಿಲನ್ನ ಬಲಗಾಲಲ್ಲೇ ದಾಟಿ.